ವಿಚಾರಿಸಲು ಬಂದವನು

ಬೈರೇಶ ನನಗೆ ಹೇಳಿದ ಮೊದಲ ಮಾತೇ ಸುಳ್ಳು. ದ್ರಾಕ್ಷಿ ನೋಡಲು ಬಂದೆ ಎಂದ. ದೀಪಾವಳಿ ಆಗಷ್ಟೇ ಕಳೆದಿತ್ತು. ಅಪ್ಪ ಬಳ್ಳಿ ಸವರಿ ವಾರವೂ ಆಗಿರಲಿಲ್ಲ, ಚಪ್ಪರದ ಮೇಲೆ ಬರೀ ಕಡ್ಡಿ. ಇಲ್ಲದ ದ್ರಾಕ್ಷಿ ನೋಡಲು ಬಂದವನನ್ನು ಅಲ್ಲೇ ಹಿಡಿದು ಕೇಳಬೇಕಿತ್ತು. ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ ಬಿಡಿ. ನಮ್ಮ ಕೃಷಿ ಹೊಂಡದಲ್ಲಿ ಕುತ್ತಿಗೆವರೆಗೂ ಮುಳುಗಿ, ಈ ಮನುಷ್ಯ ಯಾವಾಗ ತೊಲಗುತ್ತಾನೋ ಎಂದು ಕಾಯುತ್ತಿದ್ದೆ.

ಈಜುಡುಗೆ ಹಾಕಿಕೊಂಡು ಹೊಂಡಕ್ಕೆ ಇಳಿಯಲು ಅಮ್ಮ ಒಪ್ಪಿದ್ದೇ ಒಂದು ಷರತ್ತಿನ ಮೇಲೆ. ತೋಟದಲ್ಲಿ ನರಪಿಳ್ಳೆಯೂ ಇರಬಾರದು. ಈಗ ನೋಡಿದರೆ ಏರಿಯ ಮೇಲೆ ಆರಡಿ ಎತ್ತರದ ಒಬ್ಬ ಆಸಾಮಿ, ಕೈಕಟ್ಟಿಕೊಂಡು, ಸಿನಿಮಾ ನೋಡುವವನ ಹಾಗೆ ನಿಂತಿದ್ದಾನೆ.

"ಯಾರ್ರೀ ನೀವು? ಆ ಕಡೆ ತಿರುಗಿ ನಿಂತ್ಕೊಳ್ಳಿ ಮೊದ್ಲು."

ತಕ್ಷಣ ತಿರುಗಿದ. ಬೆನ್ನು ತೋರಿಸಿಕೊಂಡೇ ಮಾತಾಡಿದ.

"ನೀವು ಉಸಿರು ಹಿಡ್ಕೊಂಡು ಈಜ್ತಾ ಇದ್ದೀರ. ಅದಕ್ಕೇ ಹಿಂಗೆ ಏದುಸಿರು. ಮುಖ ನೀರೊಳಗೆ ಇದ್ದಾಗ್ಲೇ ಉಸಿರು ಬಿಟ್ಬಿಡಿ. ಮೊದ್ಲು ಬಿಡೋದು, ಆಮೇಲೆ ಎಳ್ಕೊಳ್ಳೋದು."

ದ್ರಾಕ್ಷಿ ವ್ಯಾಪಾರಿಗೆ ಈಜಿನ ಉಸಾಬರಿ ಯಾಕೆ ಎಂದೆ. ಬೂದಿಗೆರೆ ಹತ್ತಿರದ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ತಾನು ಈಜು ಹೇಳಿಕೊಡುವುದಾಗಿಯೂ, ದ್ರಾಕ್ಷಿ ವ್ಯಾಪಾರ ಇನ್ನೂ ಶುರು ಮಾಡಬೇಕೆಂದೂ ಹೇಳಿದ. ಹಿಂದಿನಿಂದ ಅವನ ಕಿವಿಗಳು ಕೆಂಪಗೆ ಕಾಣುತ್ತಿದ್ದವು. ನಗು ಬಂದು ಒಂದು ಗುಟುಕು ನೀರು ಕುಡಿದೆ. ನಾಚಿಕೆಗೆ ಕೆಂಪಾಗಿವೆ ಎಂದುಕೊಂಡೆ. ಸುಳ್ಳು ಹೇಳಿದರೂ ಅವನ ಕಿವಿ ಹಾಗೇ ಕೆಂಪಾಗುತ್ತದೆ ಎನ್ನುವುದು ಆಮೇಲೆ ತಿಳಿಯಿತು.

ನಾನು ಬಿಂದುಶ್ರೀ. ಊರು ತೂಬಗೆರೆ ಹತ್ತಿರ. ಕೆಲಸ ವಿಮಾನ ನಿಲ್ದಾಣದ ಕಾರ್ಗೋದಲ್ಲಿ, ಹೊರದೇಶಕ್ಕೆ ಹೋಗುವ ಗುಲಾಬಿ ಪೆಟ್ಟಿಗೆಗಳು ಸಾಕಷ್ಟು ತಣ್ಣಗಿವೆಯೇ ಎಂದು ನೋಡುವುದು. ನೈಟ್ ಶಿಫ್ಟ್ ಮುಗಿಸಿ ಕ್ಯಾಬಿನಲ್ಲಿ ತೂಕಡಿಸಿಕೊಂಡು ಬರುವಾಗ ನಂದಿ ಬೆಟ್ಟದ ಕಡೆಗೆ ಸಾಲುಸಾಲಾಗಿ ಸೈಕಲ್ ತುಳಿಯುವವರನ್ನು ದಿನಾ ನೋಡುತ್ತಿದ್ದೆ. ಅವರಲ್ಲಿ ಹೆಂಗಸರೂ ಇರುತ್ತಿದ್ದರು. ಇವರಿಗೇನು ಎರಡು ಕೊಂಬಿದೆಯಾ ಎನ್ನಿಸಿತು. ವಿಚಾರಿಸಿದಾಗ ಟ್ರಯಥ್ಲಾನ್ ಅಂತ ಒಂದಿದೆ, ಅದರಲ್ಲಿ ಚಿಕ್ಕದಕ್ಕೆ ಸ್ಪ್ರಿಂಟ್ ಅನ್ನುತ್ತಾರೆ ಎಂದು ಗೊತ್ತಾಯಿತು. ಏಳುನೂರೈವತ್ತು ಮೀಟರ್ ಈಜಿ, ಒದ್ದೆ ಮೈಯಲ್ಲೇ ಇಪ್ಪತ್ತು ಕಿಲೋಮೀಟರ್ ಸೈಕಲ್ ತುಳಿದು, ಇಳಿದವರೇ ಐದು ಕಿಲೋಮೀಟರ್ ಓಡಬೇಕು. ಶಿವರಾತ್ರಿಗೆ ಮುಂಚೆ ನಲ್ಲೂರಿನ ಹತ್ತಿರ ಒಂದು ನಡೆಯುವುದಿತ್ತು. ಹೆಸರು ಕೊಟ್ಟುಬಿಟ್ಟೆ. ಆಮೇಲೆ ಈಜು ಸರಿಯಾಗಿ ಬರುವುದಿಲ್ಲ ಎಂದು ನೆನಪಾಯಿತು.

ಅಂಥ ಹೊತ್ತಿಗೆ ಸಿಕ್ಕಿದವನು ಬೈರೇಶ.

ಎರಡು ದಿನ ಬಿಟ್ಟು ಮತ್ತೆ ಬಂದ. ಈ ಸಲ ಗೇಟಿನ ಹೊರಗಿನಿಂದಲೇ ಕೂಗಿ, ಅಪ್ಪನ ಅಪ್ಪಣೆ ಕೇಳಿ ಒಳಗೆ ಬಂದ. ಕೈಯಲ್ಲಿ ಒಂದು ದಪ್ಪ ಹಗ್ಗ, ಮಾರಿಗೊಂದು ಗಂಟು ಹಾಕಿದ್ದು. ಹೊಂಡಕ್ಕೆ ಹಾಸಿದ ಕಪ್ಪು ಪ್ಲಾಸ್ಟಿಕ್ ಪಾಚಿ ಹಿಡಿದು ಜಾರುತ್ತದೆ, ಇಳಿದವರಿಗೆ ಹತ್ತಲು ಆಗುವುದಿಲ್ಲ, ಹೀಗೇ ಎಷ್ಟೋ ಜನ ಹೋಗಿದ್ದಾರೆ ಎಂದು ಅಪ್ಪನಿಗೇ ಬೈದು, ಏರಿಯ ಮೇಲಿನ ಕಲ್ಲುಕಂಬಕ್ಕೆ ಹಗ್ಗ ಕಟ್ಟಿದ. ನಮ್ಮಪ್ಪ ವೆಂಕಟರಾಯಪ್ಪ ಯಾರ ಕೈಲೂ ಬೈಸಿಕೊಳ್ಳುವವರಲ್ಲ. ಅವತ್ತು ತಲೆ ಆಡಿಸಿ, ತಾವೇ ಹಗ್ಗದ ಗಂಟು ಎಳೆದು ನೋಡಿದರು.

ಅಮ್ಮ ಮುನಿತಾಯಮ್ಮ ವಿಚಾರಿಸದೆ ಬಿಡುತ್ತಾಳೆಯೇ? ಯಾರ ಪೈಕಿ ಎಂದಳು. ಅವನು ತನ್ನ ತಾಯಿಯ ತೌರೂರಿನ ಹೆಸರು ಹೇಳಿದ, ತಂದೆ ಇಲ್ಲ ಎಂದ. ನಮ್ಮ ಜನವೇ ಎಂದು ಅಮ್ಮನಿಗೆ ಸಮಾಧಾನವಾಯಿತು. ತಂದೆ ಇಲ್ಲದ ಮಗು ಎಂದು ಕಾಫಿಗೆ ಸಕ್ಕರೆ ಜಾಸ್ತಿ ಹಾಕಿ ಕೊಟ್ಟಳು. ಅವನು ಹೇಳಿದ್ದು ಸುಳ್ಳಲ್ಲ. ಹೇಳದೆ ಬಿಟ್ಟಿದ್ದೇ ಮುಖ್ಯವಾದದ್ದು.

ಅಲ್ಲಿಂದ ಮುಂದಿನ ಬೆಳಗುಗಳನ್ನು ನಾನು ಸುಳ್ಳು ಎನ್ನಲಾರೆ. ಅವು ನನ್ನ ಕೈಯಲ್ಲಿ ಇನ್ನೂ ಬೆಚ್ಚಗಿವೆ.

ನಾನು ನೀರಿನಲ್ಲಿ, ಅವನು ಏರಿಯ ಮೇಲೆ. ಹಗ್ಗದ ತುದಿ ಅವನ ಮುಷ್ಟಿಯಲ್ಲಿ. "ಬಿಡು, ಬಿಡು, ಈಗ ಎಳ್ಕೋ" ಎಂದು ಹೇಳಿಕೊಂಡು ನನ್ನ ಜೊತೆಗೇ ಏರಿಯ ಮೇಲೆ ನಡೆಯುತ್ತಿದ್ದ. ನೀವು ಹೋಗಿ ನೀನು ಆಗಿದ್ದು ಯಾವ ದಿನವೋ, ಇಬ್ಬರಿಗೂ ಗೊತ್ತಾಗಲಿಲ್ಲ. ನನಗೆ ನೀರಿನೊಳಗೆ ಕಣ್ಣು ಬಿಡಲು ಭಯ. ಕಪ್ಪು ಪ್ಲಾಸ್ಟಿಕ್ಕಿನ ತಳ ನೋಡಿದರೆ ಎದೆ ಝಲ್ಲೆನ್ನುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಈಜು, ದಡ ಬಂದಾಗ ನಾನು ಹೇಳ್ತೀನಿ ಎಂದ. ಹಾಗೇ ಈಜಿದೆ. ಒಂದು ದಿನವೂ ದಡಕ್ಕೆ ತಲೆ ತಾಗಿಸಿಕೊಳ್ಳಲಿಲ್ಲ.

ಹಗ್ಗ ಹಿಡಿದು ಹತ್ತಿ ಬಂದಾಗ ಅವನು ಮುಖ ಆ ಕಡೆ ತಿರುಗಿಸಿ ಟವೆಲ್ ಚಾಚುತ್ತಿದ್ದ. ಟವೆಲ್ ತೆಗೆದುಕೊಳ್ಳುವಾಗ ಬೇಕೆಂತಲೇ ಅವನ ಕೈಮೇಲೆ ನೀರು ಚಿಮುಕಿಸುತ್ತಿದ್ದೆ. ಅವನ ರೋಮ ಎದ್ದು ನಿಲ್ಲುತ್ತಿದ್ದವು. ಚಳಿಗೇ ಎನ್ನುತ್ತಿದ್ದ. ನನ್ನ ಕಣ್ಣು ತಪ್ಪಿಸಿ ಖಾಲಿ ಚಪ್ಪರ ನೋಡುತ್ತಿದ್ದ.

"ದ್ರಾಕ್ಷಿ ಬಂತಾ ಗುರು?" ಎಂದು ರೇಗಿಸುತ್ತಿದ್ದೆ.

"ಚಿಗುರಿದೆ. ಅವಸರ ಮಾಡ್ಬಾರ್ದು" ಎನ್ನುತ್ತಿದ್ದ.

ನನಗೊಂದು ಹಳೆಯ ಸೈಕಲ್ ಹುಡುಕಿ ಕೊಡಿಸಿದ. ಗೇರು ಹಾಕುವುದು, ಚೈನ್ ಕೂರಿಸುವುದು ಕಲಿಸಿದ. ಭಾನುವಾರ ಬೆಳಿಗ್ಗೆ ಇಬ್ಬರೂ ಸೈಕಲಿನಲ್ಲಿ ಹೊರಟರೆ ದಾರಿಯಲ್ಲಿ ತಟ್ಟೆ ಇಡ್ಲಿ ತಿನ್ನದೆ ವಾಪಸ್ಸಾಗಿದ್ದಿಲ್ಲ. ಒಂದು ಸಲ ನನ್ನ ತಟ್ಟೆಯ ಚಟ್ನಿಗೆ ಅವನು ಇಡ್ಲಿ ಅದ್ದಿದ. ಅದ್ದಿದ ಮೇಲೆ ತನ್ನ ತಟ್ಟೆಯಲ್ಲ ಎಂದು ಗೊತ್ತಾಗಿ ಕೈ ಅಲ್ಲೇ ನಿಂತಿತು. ನಾನು ತಟ್ಟೆಯನ್ನೇ ಅವನ ಕಡೆಗೆ ಸರಿಸಿದೆ. ಪ್ರೀತಿ ಅಂತ ನಾವು ಹೇಳಿಕೊಂಡಿದ್ದು ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು. ಯುಗಾದಿಗೆ ಮುಂಚೆ ಅವನೇ ಬಾಯಿಬಿಟ್ಟು ಕೇಳುತ್ತಾನೆ, ನಾನು ಸ್ವಲ್ಪ ಸತಾಯಿಸಿ ಹೂಂ ಅನ್ನುತ್ತೇನೆ ಎಂದು ಮನಸ್ಸಿನಲ್ಲೇ ಎಲ್ಲ ಜೋಡಿಸಿಟ್ಟುಕೊಂಡಿದ್ದೆ.

ಈ ನಡುವೆ ನನಗೊಂದು ಸಂಬಂಧ ಬಂದಿತ್ತು. ವಿಜಯಪುರದ ಕಡೆಯವರು, ಹುಡುಗನ ಹೆಸರು ಕೆಂಪರಾಜ್, ಸ್ವಂತ ಟ್ರಾವೆಲ್ಸ್. ಹೆಣ್ಣು ನೋಡಲು ಬರುತ್ತೇವೆ ಎಂದವರು ಬರಲೇ ಇಲ್ಲ, ಕಾರಣವನ್ನೂ ಹೇಳಲಿಲ್ಲ. ಅಮ್ಮ ಮುಖ ಸಣ್ಣಗೆ ಮಾಡಿಕೊಂಡಳು. ನಾನು ಕೋಣೆಯ ಬಾಗಿಲು ಹಾಕಿಕೊಂಡು ಕುಣಿದೆ. ಮನೆಯಲ್ಲಿ ನನಗಿಂತ ಮೊದಲು ಆಗಬೇಕಿದ್ದದ್ದು ಸಿಂಚನಕ್ಕನ ಮದುವೆ. ಅದು ಹೊಸಕೋಟೆಗೆ ಗೊತ್ತಾಗಿ, ಒಪ್ಪಿಗೆ ಶಾಸ್ತ್ರವೂ ಆಗಿತ್ತು. ಅಕ್ಕ ಶಾಲೆಯಲ್ಲಿ ಟೀಚರ್, ಮಾತು ಕಮ್ಮಿ. ಹೊಸಕೋಟೆ ಭಾವನ ಫೋನ್ ಬಂದರೆ ಮಾತ್ರ ಮಹಡಿ ಮೆಟ್ಟಿಲ ಮೇಲೆ ಕೂತು ಗಂಟೆಗಟ್ಟಲೆ ಪಿಸುಗುಟ್ಟುತ್ತಿದ್ದಳು.

ಸಂಕ್ರಾಂತಿಯ ಹಿಂದಿನ ದಿನ ನಾವು ಮೂವರೂ ಅವರೆಕಾಳು ಹಿತಕುತ್ತಾ ಕೂತಿದ್ದೆವು. ಅಮ್ಮ ಇದ್ದಕ್ಕಿದ್ದಂತೆ ಕಾಳಿನ ಪಾತ್ರೆ ಪಕ್ಕಕ್ಕೆ ಇಟ್ಟಳು. ಹೊಸಕೋಟೆಯವರು ಲಗ್ನಪತ್ರಿಕೆ ಈಗ ಬೇಡ, ಯುಗಾದಿ ಕಳೆಯಲಿ ನೋಡೋಣ ಎಂದು ಹೇಳಿ ಕಳಿಸಿದ್ದಾರೆ ಎಂದಳು. ಅಕ್ಕನ ಕೈ ನಿಂತಿತು. ಯಾಕಂತೆ ಎಂದೆ.

ಅಮ್ಮ ನನ್ನ ಮುಖ ನೋಡಲಿಲ್ಲ. ಎರಡನೇ ಹುಡುಗಿಗೆ ಉಸಿರಿನ ಕಾಯಿಲೆ ಇದೆಯಂತೆ, ಅದು ವಂಶದಲ್ಲೇ ಇರುತ್ತದಂತೆ, ಮುಚ್ಚಿಟ್ಟು ದೊಡ್ಡವಳನ್ನು ದಾಟಿಸಲು ನೋಡುತ್ತಿದ್ದೇವಂತೆ. ಹಾಗೆಂದು ಮಾತು ಬಂದಿದೆ. ವಿಜಯಪುರದವರು ಹಿಂದೆ ಸರಿದದ್ದೂ ಅದಕ್ಕೇ.

ನನಗೆ ನಗು ಬಂತು. ಉಸಿರಿನ ಕಾಯಿಲೆ ಇರುವವಳು ದಿನಾ ಹೊಂಡದಲ್ಲಿ ಈಜುತ್ತಾಳಾ? ಇದನ್ನು ಹೇಳಿದ ಪುಣ್ಯಾತ್ಮ ಯಾರು ಎಂದು ಕೇಳಿದೆ.

ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ಗಂಡಿನ ಮನೆಯವರು ಗುಟ್ಟಾಗಿ ಒಬ್ಬರನ್ನು ಕಳಿಸುತ್ತಾರೆ. ಹುಡುಗಿ ಹೇಗೆ, ಮನೆತನ ಹೇಗೆ, ಆರೋಗ್ಯ ಹೇಗೆ ಎಂದು ವಿಚಾರಿಸಿಕೊಂಡು ಬರಲು. ಅವರು ತಂದ ಮಾತೇ ಕೊನೆಯ ಮಾತು. ಹೆಣ್ಣಿನ ಮನೆಯವರು ಆಮೇಲೆ ಏನು ಬಡಿದುಕೊಂಡರೂ ಯಾರೂ ಕೇಳುವುದಿಲ್ಲ. ತಮ್ಮ ಹುಡುಗಿಗೆ ಕಾಯಿಲೆ ಇದೆ ಎಂದು ಯಾರು ತಾನೇ ಒಪ್ಪಿಕೊಳ್ಳುತ್ತಾರೆ?

"ವಿಜಯಪುರದೋರು ಅವರ ತಮ್ಮನ ಮಗನ್ನೇ ಕಳಿಸಿದ್ರಂತೆ" ಎಂದಳು ಅಮ್ಮ. "ಬೂದಿಗೆರೆ ಹತ್ರ ಅಪಾರ್ಟ್‌ಮೆಂಟಲ್ಲಿ ಈಜು ಹೇಳ್ಕೊಡೋನು. ಬೈರೇಶ ಅಂತ."

ನನ್ನ ಕೈಯಲ್ಲಿದ್ದ ಅವರೆಕಾಳು ಸಿಪ್ಪೆಯಿಂದ ಜಾರಿ ಎಲ್ಲೋ ಹೋಯಿತು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಅವನಿಗೆ ನನ್ನ ಕೈಯಾರೆ ಕಾಫಿ ಮಾಡಿಕೊಟ್ಟೆನಲ್ಲ ಎಂದು ಒಂದೇ ಸಮ ಹೇಳಿಕೊಂಡಳು. ಅಕ್ಕ ಎದ್ದು ಮೆಟ್ಟಿಲ ಕಡೆ ಹೋದಳು. ಫೋನ್ ತೆಗೆದುಕೊಂಡು ಹೋಗಲಿಲ್ಲ.

ಮಾರನೇ ದಿನ ಹಬ್ಬ. ಬೆಳಿಗ್ಗೆ ಅವನು ಏನೂ ಗೊತ್ತಿಲ್ಲದವನ ಹಾಗೆ ಕಬ್ಬಿನ ಜಲ್ಲೆ ಹಿಡಿದುಕೊಂಡು ತೋಟಕ್ಕೆ ಬಂದ. ನಾನು ಈಜಲು ಇಳಿದಿರಲಿಲ್ಲ. ಚೂಡಿದಾರದಲ್ಲೇ ಏರಿಯ ಮೇಲೆ ನಿಂತಿದ್ದೆ. ನನ್ನ ಮುಖ ನೋಡಿದ ಕೂಡಲೇ ಕಬ್ಬು ಕೆಳಗಿಟ್ಟ. ಕಿವಿ ಕೆಂಪಾಯಿತು.

ದ್ರಾಕ್ಷಿ ನೋಡೋಕೆ ಬಂದಿದ್ದಾ, ನನ್ನನ್ನು ನೋಡೋಕೆ ಬಂದಿದ್ದಾ ಎಂದು ಕೇಳಿದೆ. ಅವನು ಎಲ್ಲವನ್ನೂ ಒಪ್ಪಿಕೊಂಡ. ದೊಡ್ಡಪ್ಪನೇ ಸಾಕಿದ್ದು, ದೊಡ್ಡಮ್ಮ ಹೇಳಿದ ಮಾತು ತೆಗೆದುಹಾಕುವಂತಿಲ್ಲ. ಕೆಂಪರಾಜಣ್ಣನಿಗೆ ತೂಬಗೆರೆ ಕಡೆ ಒಂದು ಹುಡುಗಿ ಇದ್ದಾಳೆ, ಈಜುತ್ತಾಳಂತೆ, ನೀನೇ ಹೋಗಿ ನೋಡಿಕೊಂಡು ಬಾ ಎಂದು ಕಳಿಸಿದರು. ಬಂದು ನೋಡಿದ. ಹೋಗಿ ಹೇಳಬೇಕಾದ ದಿನ ಬಾಯಿ ಬರಲಿಲ್ಲ.

"ಚೆನ್ನಾಗಿದ್ದಾಳೆ ಅಂದಿದ್ರೆ ನಿನ್ನ ಅತ್ತಿಗೆ ಅಂತ ಕರೀಬೇಕಾಗ್ತಿತ್ತು ಬಿಂದು. ನಡತೆ ಸರಿಯಿಲ್ಲ ಅಂತ ಹೇಳೋಕೆ ನಾಲಿಗೆ ಏಳ್ಲಿಲ್ಲ. ಕಾಯಿಲೆ ಅಂದ್ರೆ ಯಾರ ತಪ್ಪೂ ಅಲ್ವಲ್ಲ ಅಂದ್ಕೊಂಡೆ. ಮೊದಲ್ನೇ ದಿನ ನಿಂಗೆ ಏದುಸಿರು ಬರ್ತಿತ್ತಲ್ಲ, ಬಾಯಿಗೆ ಅದೇ ಬಂತು."

ಇದನ್ನು ಕೇಳಿ ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ನನಗೆ ಉಸಿರು ಕಲಿಸಿದವನೇ ಅವನು. ನನ್ನ ಉಸಿರು ಎಷ್ಟು ದೂರ ಬರುತ್ತದೆ ಎಂದು ನನ್ನ ಹೆತ್ತವರಿಗಿಂತ ಚೆನ್ನಾಗಿ ಬಲ್ಲವನು. ಅದನ್ನೇ ಹಿಡಿದು ಸುಳ್ಳು ಹೇಳಿದ್ದಾನೆ. ಬೆಳಿಗ್ಗೆ ಇಲ್ಲಿ ಬಿಡು, ಎಳ್ಕೋ ಎಂದು ಹೇಳಿ, ಸಂಜೆ ಅಲ್ಲಿ ಕೂತು ಆ ಹುಡುಗಿಗೆ ಉಸಿರೇ ಸರಿಯಿಲ್ಲ ಎಂದಿದ್ದಾನೆ. ಅದರ ಮೇಲೆ ಅಮ್ಮನ ಕಾಫಿ ಕುಡಿದಿದ್ದಾನೆ.

"ನನ್ನ ಕೇಳಬಹುದಿತ್ತಲ್ಲೋ" ಎಂದೆ. "ಒಂದು ಮಾತು. ಕೇಳಿದ್ದಿದ್ರೆ ನಾನೇ ಆ ಸಂಬಂಧ ಬೇಡ ಅಂತಿದ್ದೆ. ನಿಂಗೆ ಹೂಂ ಅಂತಿದ್ದೆ."

ಅವನು ತಲೆ ಎತ್ತಿ ನೋಡಿದ. ಅಂಥ ನೋಟ ಶತ್ರುವಿಗೂ ಬರಬಾರದು. ಸಿಗುತ್ತಿದ್ದದ್ದನ್ನೇ ಕದ್ದಿದ್ದೇನೆ ಎಂದು ಅವನಿಗೆ ಆಗ ಗೊತ್ತಾಯಿತು.

ಅಕ್ಕನ ಮದುವೆ ನಿಂತುಹೋಗಿದೆ, ಹೋಗಿ ದೊಡ್ಡಪ್ಪನ ಹತ್ತಿರ ನಿಜ ಹೇಳು ಎಂದೆ. ಹೇಳುತ್ತೇನೆ, ಸ್ವಲ್ಪ ಟೈಮ್ ಕೊಡು ಎಂದ. ಹೇಳಿದರೆ ಆ ಮನೆಯಲ್ಲಿ ತನಗೆ ಜಾಗವಿರುವುದಿಲ್ಲ, ಅಣ್ಣನಿಗೆ ನೋಡಿದ ಹುಡುಗಿಯ ಮೇಲೆ ಕಣ್ಣು ಹಾಕಿದವನು ಎನ್ನುತ್ತಾರೆ ಎಂದ. ನಾನು ಗೇಟಿನ ಕಡೆ ಕೈ ತೋರಿಸಿದೆ. ಹೋದ. ಆಮೇಲೆ ದಿನಾ ಮೆಸೇಜು, ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಎಂದು. ಹೇಳಲಿಲ್ಲ. ಮೊದಲ ಸುಳ್ಳನ್ನಾದರೂ ಪ್ರೀತಿಯಿಂದ ಹೇಳಿದ ಎಂದುಕೊಳ್ಳುತ್ತಿದ್ದೆನೋ ಏನೋ. ಈ ತಡವನ್ನು ಏನೆಂದುಕೊಳ್ಳಲಿ? ಒಂದು ದಿನ ಅವನ ನಂಬರನ್ನೇ ಬ್ಲಾಕ್ ಮಾಡಿದೆ.

ಅಕ್ಕನಿಗೆ ಎಲ್ಲ ಹೇಳಿದೆ. ಚಟ್ನಿಯ ವಿಷಯವನ್ನೂ ಬಿಡಲಿಲ್ಲ. ಅವಳು ನನ್ನ ಮೇಲೆ ಕೂಗಾಡಲಿ ಎಂದು ಕಾದೆ. ಅವಳು ಕೂಗಾಡಲಿಲ್ಲ. ಬೆಳಿಗ್ಗೆ ನನಗಿಂತ ಮೊದಲೇ ಎದ್ದು, ಸ್ವೆಟರ್ ಹಾಕಿಕೊಂಡು, ಹೊಂಡದ ಏರಿಯ ಮೇಲೆ ಹಗ್ಗ ಹಿಡಿದು ಕೂತಿದ್ದಳು. ಈಜುವುದೆಂದರೆ ಏನು ಎಂದು ಅವಳಿಗೆ ಗೊತ್ತಿಲ್ಲ. ನಾನು ಮುಳುಗಿದರೆ ಹಗ್ಗ ಎಳೆಯುವುದೋ, ಅಪ್ಪನನ್ನು ಕೂಗುವುದೋ ಎಂದು ಕೇಳಿದಳು. ಎರಡನ್ನೂ ಮಾಡು ಎಂದೆ. ಅವತ್ತಿನಿಂದ ನಾನು ಕಣ್ಣು ಬಿಟ್ಟುಕೊಂಡು ಈಜಿದೆ. ಕಪ್ಪು ತಳ ಕಂಡರೂ ಸರಿ, ದಡ ಬಂದಾಗ ನಾನೇ ನೋಡಿಕೊಳ್ಳಬೇಕಿತ್ತು.

ಅಮ್ಮ ಈ ಈಜಾಟವೇ ಸಾಕು ಎಂದಳು. ಈಜು ನೋಡಲು ಬಂದವನೇ ಅಲ್ಲವಾ ಮನೆ ಹಾಳು ಮಾಡಿದ್ದು ಎಂದಳು. ನಾನು ಹೊಸಕೋಟೆ ಭಾವನಿಗೆ ಫೋನ್ ಮಾಡಿದೆ. ಭಾವ, ನಿಮ್ಮ ತಂದೆ ತಾಯಿಯನ್ನು ಭಾನುವಾರ ನಲ್ಲೂರಿಗೆ ಕರೆದುಕೊಂಡು ಬನ್ನಿ, ನನ್ನ ಉಸಿರನ್ನು ಕಣ್ಣಾರೆ ನೋಡಲಿ, ಆಮೇಲೆ ಏನು ತೀರ್ಮಾನ ಬೇಕಾದರೂ ಮಾಡಲಿ ಎಂದೆ. ಕರ್ಕೊಂಡ್ ಬರ್ತೀನಿ ಕಣಮ್ಮ ಎಂದ. ಅಪ್ಪ ಪಕ್ಕದಲ್ಲೇ ಇದ್ದರು. ಸೈಕಲಿಗೆ ಗಾಳಿ ಸರಿಯಾಗಿದೆಯಾ ನೋಡಿಕೋ ಎಂದರು.

ಹೀಗೆ ನನ್ನ ಸ್ಪ್ರಿಂಟ್ ಟ್ರಯಥ್ಲಾನ್ ನನ್ನ ಅಕ್ಕನ ಮದುವೆಯ ಪರೀಕ್ಷೆಯಾಯಿತು. ಗೆಲ್ಲುವುದು ಯಾರಿಗೆ ಬೇಕಿತ್ತು. ಮುಗಿಸಬೇಕು. ಮುಗಿಸಿ, ಹೊಸಕೋಟೆಯವರ ಮುಂದೆ ನೆಟ್ಟಗೆ ನಿಲ್ಲಬೇಕು. ಅಲ್ಲಿ ನಾನು ಬಾಯಿ ತೆರೆದುಕೊಂಡು ಏದುಸಿರು ಬಿಟ್ಟರೆ, ತಲೆ ಸುತ್ತಿ ಬಿದ್ದರೆ, ಬೈರೇಶ ಹೇಳಿದ ಸುಳ್ಳು ನಿಜವಾಗಿಬಿಡುತ್ತಿತ್ತು.

ಈಜು ಇದ್ದದ್ದು ಒಂದು ಶಾಲೆಯ ಈಜುಕೊಳದಲ್ಲಿ. ತೋಳಿನ ಮೇಲೆ ನಂಬರು ಬರೆಸಿಕೊಂಡು, ಕಿತ್ತಳೆ ಟೋಪಿ ಎಳೆದುಕೊಂಡು ಹೋಗಿ ನೋಡಿದರೆ, ಕೊಳದ ಪಕ್ಕದ ಎತ್ತರದ ಕುರ್ಚಿಯಲ್ಲಿ ಕೆಂಪು ಟೀಶರ್ಟು, ಕೊರಳಲ್ಲಿ ಸೀಟಿ. ಬೈರೇಶ. ಮುಳುಗುವವರನ್ನು ಎತ್ತುವ ಕೆಲಸಕ್ಕೆ ಅವನನ್ನೇ ಕರೆಸಿದ್ದರು. ಇಷ್ಟು ದೊಡ್ಡ ಜಿಲ್ಲೆಯಲ್ಲಿ ಇನ್ನೊಬ್ಬ ಸಿಗಲಿಲ್ಲವಾ ಇವರಿಗೆ ಎನ್ನಿಸಿತು. ಅವನು ಗಡ್ಡ ಬಿಟ್ಟಿದ್ದ. ನಾನು ನೋಡಿದ್ದನ್ನು ನೋಡಿ ಕಣ್ಣು ಕೆಳಗೆ ಹಾಕಿದ.

ಶಾಮಿಯಾನದ ಕೆಳಗೆ ಅಪ್ಪ, ಅಮ್ಮ, ಅಕ್ಕ. ಸ್ವಲ್ಪ ದೂರದಲ್ಲಿ ಹೊಸಕೋಟೆಯ ಗೋವಿಂದರಾಜು ಮಾವ, ಅತ್ತೆ, ಭಾವ. ಅಷ್ಟು ಜನರ ಮುಂದೆ ಈಜುಡುಗೆಯಲ್ಲಿ ನಿಂತ ಮಗಳನ್ನು ಅಮ್ಮ ನೋಡಲಾರದೆ ನೋಡುತ್ತಿದ್ದಳು. ಮೊದಲ ಸೀಟಿಗೆ ಹಾರಿದೆ.

ನೀರೊಳಗೆ ಮುಖ ಹೋದ ಕೂಡಲೇ ಅದೇ ದನಿ. ಬಿಡು, ಬಿಡು, ಈಗ ಎಳ್ಕೋ. ಅವನನ್ನು ಮನೆಯಿಂದ ಓಡಿಸಿದ್ದೆ, ಫೋನಿಂದ ಓಡಿಸಿದ್ದೆ. ಉಸಿರಿನಿಂದ ಓಡಿಸಲು ಆಗಲಿಲ್ಲ. ಆ ದನಿಯ ಮೇಲೆ ಸಿಟ್ಟು ಬಂದಷ್ಟೂ ಕೈ ಜೋರಾಗಿ ಬೀಸಿತು. ಹತ್ತಿ ಬರಲು ಅಲ್ಲಿ ಏಣಿ ಇತ್ತು. ನಾನು ಅಭ್ಯಾಸಬಲದಿಂದ ಒಂದು ಕ್ಷಣ ಹಗ್ಗಕ್ಕಾಗಿ ಕೈ ಚಾಚಿದೆ.

ಓಡಿಹೋಗಿ, ಒದ್ದೆ ಈಜುಡುಗೆಯ ಮೇಲೇ ಟೀಶರ್ಟು, ಶಾರ್ಟ್ಸು ಏರಿಸಿ, ಹೆಲ್ಮೆಟ್ ಹಾಕಿ, ಸೈಕಲ್ ಹತ್ತಿದೆ. ಬೂದಿಗೆರೆ ಕಡೆಯ ರಸ್ತೆಯಲ್ಲಿ ಎದುರುಗಾಳಿ, ಜಲ್ಲಿ ಲಾರಿಗಳ ಧೂಳು. ಒಂದು ಹಂಪಿನಲ್ಲಿ ಚೈನ್ ಕಳಚಿತು. ಇಳಿದು ನಾನೇ ಕೂರಿಸಿದೆ. ಕೈಗೆಲ್ಲ ಗ್ರೀಸು. ನನಗಿಂತ ದೊಡ್ಡ ವಯಸ್ಸಿನ ಹೆಂಗಸೊಬ್ಬಳು ಮುಂದೆ ಹೋಗುತ್ತಾ, ಬಾರಮ್ಮ ಬಾ ಎಂದಳು. ಅಷ್ಟಕ್ಕೇ ಕಣ್ಣಲ್ಲಿ ನೀರು ಬಂತು. ಗಾಳಿಗೆ ಎಂದುಕೊಂಡೆ.

ಓಟ ಶುರುವಾದಾಗ ಬಿಸಿಲು ಏರಿತ್ತು. ಕಾಲು ನನ್ನದಲ್ಲ ಎನ್ನುವಂತಿತ್ತು. ನಲ್ಲೂರಿನ ಹುಣಸೆ ತೋಪಿನ ನೆರಳು ಇರುವಷ್ಟು ದೂರ ಹೇಗೋ ಓಡಿದೆ. ನೆರಳು ಮುಗಿದಲ್ಲಿ ಪಕ್ಕೆ ಹಿಡಿದುಕೊಂಡಿತು. ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ನಿಂತುಬಿಡೋಣ ಎನ್ನಿಸಿತು. ಅಕ್ಕ ಚಳಿಯಲ್ಲಿ ಹಗ್ಗ ಹಿಡಿದು ಕೂತದ್ದು ನೆನಪಾಗಿ ನಿಲ್ಲಲಿಲ್ಲ. ಶಾಲೆಯ ಗೇಟು ಕಂಡಾಗ ಬಾಯಿ ಮುಚ್ಚಿಕೊಂಡೆ. ಮೂಗಿನಲ್ಲೇ ಉಸಿರಾಡು ಬಿಂದು, ನೋಡುತ್ತಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಗೆರೆ ಇನ್ನೇನು ಬಂತು ಎನ್ನುವಾಗ ಟೈಮ್ ಹಿಡಿಯಲು ನೆಲಕ್ಕೆ ಹಾಸಿದ್ದ ರಬ್ಬರು ಮ್ಯಾಟಿಗೆ ಕಾಲು ತೊಡರಿತು. ಮಂಡಿಯೂರಿ ಬಿದ್ದೆ. ಅಮ್ಮ ಕೂಗಿದ್ದು ಕೇಳಿಸಿತು. ಅದಕ್ಕಿಂತ ಮೊದಲೇ ಕೆಂಪು ಟೀಶರ್ಟೊಂದು ಅಡ್ಡಕಟ್ಟಿದ ಹಗ್ಗ ಹಾರಿ ಬಂದಿತ್ತು. ಎರಡು ಕೈಗಳು ನನ್ನ ಭುಜದ ಹತ್ತಿರ.

ಸ್ಪರ್ಧೆಯಲ್ಲಿ ಹೊರಗಿನವರು ಕೈಹಿಡಿದು ಎಬ್ಬಿಸಿದರೆ ಲೆಕ್ಕದಿಂದ ಹೊರಗೆ. ಅದು ಅವನಿಗೂ ಗೊತ್ತು. ಆ ಗಳಿಗೆಯಲ್ಲಿ ಮರೆತಿದ್ದ.

"ಮುಟ್ಬೇಡ" ಎಂದೆ. "ಮುಟ್ಟಿದ್ರೆ ನಾನು ಔಟ್."

ಅವನ ಕೈಗಳು ಗಾಳಿಯಲ್ಲೇ ನಿಂತವು. ನಾನು ನೆಲಕ್ಕೆ ಕೈಯೂರಿ ಎದ್ದೆ. ಮಂಡಿಯಿಂದ ರಕ್ತ ಇಳಿಯುತ್ತಿತ್ತು. ಗೆರೆ ದಾಟಿದೆ. ಯಾರೋ ಕೊರಳಿಗೆ ಪದಕ ಹಾಕಿದರು. ನಾನು ಅಲ್ಲಿ ನಿಲ್ಲದೆ ನೇರ ಶಾಮಿಯಾನಕ್ಕೆ ಹೋಗಿ ಗೋವಿಂದರಾಜು ಮಾವನಿಗೆ ಕೈಮುಗಿದೆ. ಬಾಯಿ ಮುಚ್ಚಿತ್ತು. ಎದೆ ಒಳಗೆ ಒಡೆದುಹೋಗುವ ಹಾಗಿತ್ತು.

ಸುಸ್ತಾಯ್ತೇನಮ್ಮ ಎಂದು ಅವರು ಕೇಳಿದರು. ಇಲ್ಲ ಮಾವ ಎಂದೆ. ಅತ್ತೆ ನನ್ನ ಮೂಗು, ಬಾಯಿ, ಎದೆ ಎಲ್ಲ ನೋಡಿದರು. ನಾನು ನಕ್ಕೆ. ಆ ನಗುವಿಗೆ ಪಟ್ಟ ಕಷ್ಟ ಈಜಿಗೂ ಪಟ್ಟಿರಲಿಲ್ಲ.

ಮಾವನ ಕಣ್ಣು ನನ್ನ ಹಿಂದೆ ಹೋಯಿತು. ಎಲ್ಲರನ್ನೂ ಬಿಟ್ಟು ನಿನಗೋಸ್ಕರ ಹಗ್ಗ ಹಾರಿ ಬಂದನಲ್ಲ, ಆ ಹುಡುಗ ಯಾರಮ್ಮ ಎಂದರು. ನಾನು ಅಕ್ಕನ ಮುಖ ನೋಡಿದೆ, ಅಕ್ಕ ನೆಲ ನೋಡಿದಳು. ಗೊತ್ತಿಲ್ಲ ಎಂದರೆ ನಾನೂ ಸುಳ್ಳು ಹೇಳಿದಂತಾಗುತ್ತಿತ್ತು. ಅಷ್ಟರಲ್ಲಿ ಅವನೇ ಬಂದು ಅವರೆದುರು ನಿಂತ. ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ.

"ನಾನು ವಿಜಯಪುರದ ಕೆಂಪರಾಜಣ್ಣನ ಚಿಕ್ಕಪ್ಪನ ಮಗ. ಈ ಹುಡುಗೀಗೆ ಉಸಿರಿನ ಕಾಯಿಲೆ ಅಂತ ಹೇಳಿದ್ದು ನಾನೇ. ಸುಳ್ಳು ಹೇಳ್ದೆ. ಇವರ ಮನೇಲಿ ಯಾರಿಗೂ ಏನೂ ಇಲ್ಲ."

"ಯಾಕಪ್ಪಾ ಹಂಗೆ ಹೇಳ್ದೆ?"

ಅವನು ನನ್ನ ಕಡೆ ನೋಡಿದ. ಕಿವಿ ಕೆಂಪಾಗಿರಲಿಲ್ಲ.

"ಅತ್ತಿಗೆ ಅಂತ ಕರೆಯೋಕೆ ನನ್ ಕೈಲಿ ಆಗ್ತಿರ್ಲಿಲ್ಲ ಸಾರ್."

ಮೂರು ತಿಂಗಳು ನಾನು ಕಾದದ್ದು ಈ ಮಾತಿಗೇ. ಹೊಂಡದ ಏರಿಯ ಮೇಲೆ, ಇಡ್ಲಿ ಹೋಟೆಲಿನಲ್ಲಿ, ಎಲ್ಲಾದರೂ ಹೇಳಬಹುದಿತ್ತು. ಹೇಳಿದ್ದು ಇಲ್ಲಿ, ನನ್ನ ಅಪ್ಪ ಅಮ್ಮನ ತಲೆ ತಗ್ಗಿಸಿದ ಮೇಲೆ, ಮಾಡಿದ ದ್ರೋಹಕ್ಕೆ ಕಾರಣವಾಗಿ. ನನಗೆ ಸಂತೋಷವಾಗಲಿಲ್ಲ. ಅದನ್ನೂ ಅವನು ಹಾಳು ಮಾಡಿದ ಎನ್ನಿಸಿತು.

ಅಮ್ಮ ಮುಂದೆ ಬಂದಳು. ಹೊಡೆಯುತ್ತಾಳೆ ಎಂದುಕೊಂಡೆ. "ನನ್ನ ಕಾಫಿ ಕುಡಿದ್ಯಲ್ಲೋ ಮಗನೇ" ಎಂದಳು, ಅಷ್ಟೇ. ಅವನು ಹೊಡೆತ ಬಿದ್ದವನ ಹಾಗೆ ಒಂದು ಹೆಜ್ಜೆ ಹಿಂದೆ ಹೋದ.

ಗೋವಿಂದರಾಜು ಮಾವ ಜೋರು ಮಾಡಲಿಲ್ಲ. ನಮ್ಮ ಮುಂದೆ ಹೇಳಿದ್ದನ್ನೇ ನಿಮ್ಮ ದೊಡ್ಡಪ್ಪನಿಗೂ ಈಗಲೇ ಹೇಳು ಎಂದರು. ಅವನು ಫೋನ್ ತೆಗೆದ. ಎಲ್ಲರೆದುರೂ ಮೊದಲಿನಿಂದ ಹೇಳಿದ. ಆ ಕಡೆಯ ಕೂಗು ನಮಗೂ ಕೇಳಿಸಿತು. ಮನೆ ಕಡೆ ತಲೆ ಹಾಕಬೇಡ ಎನ್ನುವುದು ಸ್ಪಷ್ಟವಾಗಿತ್ತು. ಅವನು ಹೂಂ ದೊಡ್ಡಪ್ಪ, ಹೂಂ ದೊಡ್ಡಪ್ಪ ಎನ್ನುತ್ತಿದ್ದ. ಫೋನ್ ಇಟ್ಟ ಮೇಲೆ ಅಕ್ಕನ ಮುಂದೆ ಹೋಗಿ ಕೈಮುಗಿದ. ಅಕ್ಕ ಮುಖ ತಿರುಗಿಸಿಕೊಂಡಳು.

ಅತ್ತೆ ತಮ್ಮ ಮುಡಿಯ ಮಲ್ಲಿಗೆಯಲ್ಲಿ ಒಂದು ತುಂಡು ಮಾಡಿ ಅಕ್ಕನಿಗೆ ಮುಡಿಸಿದರು. ಯುಗಾದಿ ತನಕ ಯಾಕೆ ಕಾಯಬೇಕು ಎಂದು ಯಾರನ್ನೋ ಕೇಳಿದ ಹಾಗೆ ಕೇಳಿದರು. ಭಾವ ನನ್ನ ಪದಕ ಎತ್ತಿ ನೋಡಿ, ಭಾರವಾಗಿದೆ ಕಣಮ್ಮ ಎಂದ. ಎಲ್ಲರೂ ತಿಂಡಿಗೆ ಹೊರಟರು. ಸೈಕಲ್ ತರುತ್ತೇನೆ, ನಡೀರಿ ಎಂದು ನಾನು ಹಿಂದೆ ಉಳಿದೆ.

ಸೈಕಲ್ ಸಾಲಿನ ಹಿಂದೆ ಒಂದು ಗೋಡೆ. ಅಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಒರಗಿ ಕುಸಿದು ಕೂತೆ. ಅಲ್ಲಿಯವರೆಗೆ ಹಿಡಿದಿಟ್ಟದ್ದೆಲ್ಲ ಒಟ್ಟಿಗೆ ಬಂತು. ಅಳುವೋ ಏದುಸಿರೋ ನನಗೇ ತಿಳಿಯಲಿಲ್ಲ. ಬಾಯಿ ತೆರೆದುಕೊಂಡು, ಗಾಳಿ ಎಳೆದುಕೊಳ್ಳಲು ಆಗದೆ, ಎದೆ ಒತ್ತಿಕೊಂಡು ಕೂತಿದ್ದೆ.

ಅವನು ಯಾವಾಗ ಬಂದನೋ. ನನ್ನಿಂದ ಒಂದು ಮಾರು ದೂರದಲ್ಲಿ ಮಂಡಿಯೂರಿದ. ಮುಟ್ಟಲಿಲ್ಲ.

"ಬಿಡು" ಎಂದ. "ಮೊದ್ಲು ಬಿಡು ಬಿಂದು. ಆಮೇಲೆ ಎಳ್ಕೋ."

ನಾನು ಬಿಟ್ಟೆ. ಎಳೆದುಕೊಂಡೆ. ಮತ್ತೆ ಬಿಟ್ಟೆ. ಇಡೀ ಲೋಕದ ಮುಂದೆ ಮುಚ್ಚಿಟ್ಟ ಏದುಸಿರನ್ನು ಅವನೊಬ್ಬನ ಮುಂದೆ ಮುಚ್ಚಿಡಲಾಗಲಿಲ್ಲ. ಅದನ್ನೇ ಹಿಡಿದು ನನಗೆ ಕಾಯಿಲೆ ಕಟ್ಟಿದವನ ಮುಂದೆ. ಇಷ್ಟಾದರೂ ಇವನೆದುರು ನನಗೆ ಭಯವಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಉಸಿರು ಸಮಕ್ಕೆ ಬಂದ ಮೇಲೆ ಅವನು ಮೆಲ್ಲಗೆ, ದ್ರಾಕ್ಷಿ ಬಿಟ್ಟಿದೆಯಾ ಎಂದು ಕೇಳಿದ. ಬಿಟ್ಟಿದೆ, ಗೊಂಚಲು ತುಂಬಿದೆ ಎಂದೆ. ನೋಡಲು ಬರಲೇ ಎಂದು ಕೇಳಲು ಅವನ ತುಟಿ ಅಲ್ಲಾಡಿತು. ನಾನು ಬಿಡಲಿಲ್ಲ.

"ಕೇಳ್ಬೇಡ. ಇವತ್ತು ಕೇಳಿದ್ರೆ ಇಲ್ಲ ಅಂತೀನಿ."

"ಯಾವತ್ತು ಕೇಳ್ಲಿ?"

ಪದಕ ತೆಗೆದು ಜೇಬಿಗೆ ಹಾಕಿಕೊಂಡೆ. ಸೈಕಲ್ ಹಿಡಿದು ಎದ್ದೆ. ಮಂಡಿ ನೋಯುತ್ತಿತ್ತು. ಅವನು ಕೈ ಮುಂದೆ ತಂದು, ತಾನೇ ಹಿಂದಕ್ಕೆ ತೆಗೆದುಕೊಂಡ.

"ನಮ್ಮ ಕಡೆಯಿಂದ ಒಬ್ರು ಬರ್ತಾರೆ, ನಿನ್ನ ವಿಚಾರಿಸೋಕೆ. ಎಲ್ಲಿ ಇರ್ತೀಯ, ಹೆಂಗೆ ಇರ್ತೀಯ, ಯಾರ ಹತ್ರ ಏನ್ ಹೇಳ್ತೀಯ, ಎಲ್ಲಾ ನೋಡ್ಕೊಂಡ್ ಬರ್ತಾರೆ. ಅವರು ತಂದ ಮಾತೇ ಕೊನೆ ಮಾತು."

"ಯಾರು ಬರ್ತಾರೆ?"

"ಅಕ್ಕ."

ಅವನ ಮುಖ ಬಿಳುಪೇರಿತು. ಕೈಮುಗಿದರೂ ಮುಖ ತಿರುಗಿಸಿದ ಅಕ್ಕ. ಅವನಿಂದಾಗಿ ಮಹಡಿ ಮೆಟ್ಟಿಲ ಮೇಲೆ ಫೋನಿಲ್ಲದೆ ಕೂತಿದ್ದ ಅಕ್ಕ.

"ಅವರು ನನ್ನ ಬಗ್ಗೆ ಏನ್ ಹೇಳ್ತಾರೆ ಬಿಂದು?"

"ಇದ್ದಿದ್ದು ಇದ್ದಂಗೆ ಹೇಳ್ತಾಳೆ. ನಮ್ಮನೇಲಿ ವಿಚಾರಿಸೋಕೆ ಹೋದೋರು ನಿಜಾನೇ ಹೇಳೋದು."

ಅವನು ತಲೆ ಆಡಿಸಿದ. ಕೊಳದ ಕಡೆಗೆ ಹೋಗಿ, ನೀರಿನ ಮೇಲೆ ಕಟ್ಟಿದ್ದ ಹಗ್ಗಗಳನ್ನು ಒಂದೊಂದಾಗಿ ಬಿಚ್ಚಿ ಸುತ್ತತೊಡಗಿದ. ನಾನು ಕುಂಟಿಕೊಂಡು ಸೈಕಲ್ ತಳ್ಳಿಕೊಂಡು ಗೇಟಿನ ಹತ್ತಿರ ಬಂದೆ. ಅಕ್ಕ ಮುಡಿಯಲ್ಲಿ ಮಲ್ಲಿಗೆ ಮುಡಿದುಕೊಂಡು ನನಗಾಗಿ ಕಾಯುತ್ತಿದ್ದಳು. ಇಷ್ಟು ಹೊತ್ತು ಏನು ಮಾಡುತ್ತಿದ್ದೆ ಎಂದು ಕೇಳಿದಳು. ಎಲ್ಲವನ್ನೂ ಹೇಳಿದೆ.